ಪುಡಿ ಹೆಚ್ಚಿಸುವ ಮುನ್ನ ಬೆಳಕು ಅಳೆಯಿರಿ

ಪ್ರಬಂಧ ಒಪ್ಪಿಸುವ ಹಂಗಾಮು ಬಂತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ, ಹಲ್ಲುಸೆಟ್ಟು ಮುದ್ರಿಸುವ ರೆಸಿನ್‌ಗೆ (ಬೆಳಕು ಬಿದ್ದರೆ ಗಟ್ಟಿಯಾಗುವ ದ್ರವ) ನ್ಯಾನೊ ಪುಡಿ ಬೆರೆಸುವ ಬಗ್ಗೆ ಒಂದೇ ಪ್ರಶ್ನೆ ಬೇರೆ ಬೇರೆ ಕೈಬರಹದಲ್ಲಿ ಬರುತ್ತದೆ. ಈ ಸಲ ಹೆಚ್ಚಿನ ಜಾಗ ಅದಕ್ಕೇ. 3ಡಿ ಪ್ರಿಂಟರ್ ನಡೆಸುವುದು ಗೊತ್ತಿದೆ ಎಂದುಕೊಂಡೇ ಬರೆಯುತ್ತಿದ್ದೇನೆ.

ಪ್ರಶ್ನೆ: ಹಲ್ಲುಸೆಟ್ಟಿನ ರೆಸಿನ್‌ಗೆ ಶೇ 1ರಷ್ಟು ನ್ಯಾನೊ ಟೈಟಾನಿಯಂ ಡೈಆಕ್ಸೈಡ್ ಬೆರೆಸಿ, 405 ನ್ಯಾನೊಮೀಟರ್‌ನ ಎಲ್‌ಸಿಡಿ ಪ್ರಿಂಟರ್‌ನಲ್ಲಿ ಮುದ್ರಿಸಿದೆವು. ಪದರಗಳು ಬಿಟ್ಟುಕೊಳ್ಳುತ್ತಿವೆ. ಬಾಗುವ ಬಲ ಬರೀ ರೆಸಿನ್‌ಗಿಂತ ಕಡಿಮೆ. ಪುಡಿ ಹೆಚ್ಚಿಸಬೇಕೇ? (ಎಂ.ಡಿ.ಎಸ್. ವಿದ್ಯಾರ್ಥಿನಿ, ಬೆಳಗಾವಿ)

ಉತ್ತರ: ಬೇಡ. ಪುಡಿ ಹಾಕಿದಷ್ಟೂ ಗಟ್ಟಿ ಎಂಬ ನಂಬಿಕೆ ಮೊದಲು ಬಿಡಿ. ಪುಡಿ ಬಲ ಕೊಡುವುದು ಆಮೇಲಿನ ಮಾತು, ಮೊದಲು ಅದು ಬೆಳಕಿಗೆ ಅಡ್ಡ ನಿಲ್ಲುತ್ತದೆ. ರೆಸಿನ್‌ನ ವಕ್ರೀಭವನಾಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುಮಾರು 1.5, ಟೈಟಾನಿಯಾದ್ದು, ಅಂದರೆ ನಿಮ್ಮ ಟೈಟಾನಿಯಂ ಡೈಆಕ್ಸೈಡ್‌ನದು, 2.5ಕ್ಕೂ ಮೇಲೆ. ಈ ಅಂತರವೇ ಬೆಳಕನ್ನು ಚದುರಿಸುತ್ತದೆ. ಬಿಡಿ ಕಣ 20 ನ್ಯಾನೊಮೀಟರ್ ಇದ್ದರೆ ಬೆಳಕು ಅಷ್ಟಾಗಿ ಚದುರದು. ಅವೇ ಕಣಗಳು ಗಂಟು ಕಟ್ಟಿ 300 ನ್ಯಾನೊಮೀಟರ್ ಆದವೋ, ಒಳಗಿಳಿಯಬೇಕಾದ ಬೆಳಕು ಪಕ್ಕಕ್ಕೆ ಹರಿಯುತ್ತದೆ. ರೂಟೈಲ್ ಜಾತಿಯ ಪುಡಿಯಾದರೆ 405ರ ಬೆಳಕನ್ನು ಹೀರಿಕೊಳ್ಳುತ್ತದೆ ಕೂಡ. ಇನ್ನೊಂದು ಜಾತಿ ಅನಾಟೇಸ್ ಹೀರುವುದು ಸುಮಾರು 387ರ ಕೆಳಗೆ. ನಿಮ್ಮದು ಯಾವುದೆಂದು ನೀವು ಬರೆದಿಲ್ಲ, ಡಬ್ಬಿ ನೋಡಿ.

ಹಾಗಾಗಿ ಮೊದಲ ಕೆಲಸ ಗಂಟು ಒಡೆಯುವುದು. ಅಂಬಲಿಗೆ ಜೋಳದ ಹಿಟ್ಟನ್ನು ಕುದಿಯುವ ನೀರಿಗೆ ನೇರ ಸುರಿಯುವವರಿಲ್ಲ, ಮೊದಲು ತಣ್ಣೀರಲ್ಲಿ ಕದಡುತ್ತಾರೆ. ಇಲ್ಲೂ ಹಾಗೇ. ಮಳೆಗಾಲದ ಬೆಳಗಾವಿಯಲ್ಲಿ ಪುಡಿ ತೇವ ಎಳೆದುಕೊಂಡಿರುತ್ತದೆ, 110 ಡಿಗ್ರಿಯಲ್ಲಿ ಎರಡು ತಾಸು ಒಣಗಿಸಿ. ಮೆಥಾಕ್ರಿಲೇಟ್ ಸೈಲೇನ್ (ಪುಡಿಯನ್ನು ರೆಸಿನ್‌ಗೆ ಬೆಸೆಯುವ ರಾಸಾಯನಿಕ) ಲೇಪ ಕೊಡಿ. ಅದರ ದ್ರಾವಣಕ್ಕೆ 95 ಭಾಗ ಎಥನಾಲ್, 5 ಭಾಗ ನೀರು, ಅಸಿಟಿಕ್ ಆಮ್ಲದಿಂದ ಪಿಎಚ್ 4.5. ಸೈಲೇನ್ ಎಷ್ಟೆಂಬುದನ್ನು ಪುಡಿಯ ತೂಕದ ಮೇಲಲ್ಲ, ಗ್ರಾಂಗೆ ಎಷ್ಟು ಚದರ ಮೀಟರ್ ಮೇಲ್ಮೈ ಎಂಬುದರ ಮೇಲೆ ಲೆಕ್ಕ ಹಾಕಿ. ತೊಳೆದು ಒಣಗಿಸಿದ ಪುಡಿ 0.5 ಗ್ರಾಂ, ರೆಸಿನ್ 9.5 ಗ್ರಾಂ ಸೇರಿಸಿ, ಹಳದಿ ದೀಪದಡಿ ಪ್ರೋಬ್ ಸೋನಿಕೇಟರ್ (ಶಬ್ದದ ಅಲೆಯಿಂದ ಗಂಟು ಒಡೆಯುವ ಕಡ್ಡಿ) ಹಿಡಿಯಿರಿ. 5 ಸೆಕೆಂಡ್ ಚಾಲೂ, 5 ಸೆಕೆಂಡ್ ಬಂದ್. ಅದು ಬಿಸಿ ಏರಿಸುತ್ತದೆ, ಲೋಟ ಮಂಜುಗಡ್ಡೆಯಲ್ಲಿರಲಿ. ವಿಜಯಪುರದ ಮೇ ತಿಂಗಳಲ್ಲಿ ನಲ್ಲಿ ನೀರನ್ನು ನಂಬಿದರೆ ರೆಸಿನ್ ಲೋಟದಲ್ಲೇ ಹೆಪ್ಪುಗಟ್ಟೀತು. ಆಮೇಲೆ ಉಳಿದ 90 ಗ್ರಾಂ ರೆಸಿನ್ ಸೇರಿಸಿ. ಇದು ಶೇ 0.5, ಅಲ್ಲಿಂದ ಶುರು ಮಾಡಿ. ಗುಳ್ಳೆ ತೆಗೆಯಲು ವ್ಯಾಕ್ಯೂಮ್ ಸ್ವಲ್ಪ ಹೊತ್ತು ಸಾಕು. ರೆಸಿನ್ ತಾನಾಗಿ ಗಟ್ಟಿಯಾಗದಂತೆ ತಡೆಯುವುದರಲ್ಲಿ ಕರಗಿದ ಆಮ್ಲಜನಕದ ಪಾಲೂ ಇದೆ, ಅದನ್ನೂ ಎಳೆದು ಹಾಕಬೇಡಿ. ಅಳತೆ ಜಾಡಿಯಲ್ಲಿ 10 ಮಿಲಿ ತುಂಬಿ ಕತ್ತಲಲ್ಲಿ ಒಂದು ದಿನ ಇಡಿ. ತಳದಲ್ಲಿ ಬಿಳಿ ಪದರ ಕೂತರೆ ಮುದ್ರಿಸಬೇಡಿ, ಮತ್ತೆ ಬೆರೆಸಿ.

ಇನ್ನು ಬೆಳಕು. ಬಾಟಲಿ ಮೇಲೆ ಬರೆದ ಎಕ್ಸ್‌ಪೋಷರ್ ಸಮಯ (ಪ್ರತಿ ಪದರಕ್ಕೆ ಬೆಳಕು ಕೊಡುವ ಹೊತ್ತು) ಬರೀ ರೆಸಿನ್‌ಗೆ ಮಾತ್ರ, ನಿಮ್ಮ ಮಿಶ್ರಣಕ್ಕಲ್ಲ. ಪರದೆಯ ಮೇಲೆ ತೆಳು ಗಾಜಿಟ್ಟು ಮಿಶ್ರಣ ಹಾಕಿ, 10 ಮಿ.ಮೀ. ಚೌಕಗಳಿಗೆ 2, 4, 8, 16 ಸೆಕೆಂಡ್ ಬೆಳಕು ಕೊಡಿ. ಹಸಿ ರೆಸಿನ್ ಬಸಿದು, ಒರೆಸಿ, ದಪ್ಪವನ್ನು ಮೈಕ್ರೊಮೀಟರ್‌ನಲ್ಲಿ ಅಳೆಯಿರಿ. ದಪ್ಪವನ್ನು ಸಮಯದ ಸ್ವಾಭಾವಿಕ ಲಾಗರಿದಮ್‌ಗೆ ಎದುರಾಗಿ ಎಳೆದರೆ ಬರುವ ಗೆರೆಯ ಇಳಿಜಾರೇ ಬೆಳಕು ಇಳಿಯುವ ಆಳ. ಅದು 60 ಮೈಕ್ರಾನ್ ಬಂತೆನ್ನಿ. ಸಮಯ ದುಪ್ಪಟ್ಟು ಮಾಡಿದರೂ ದಪ್ಪ ಹೆಚ್ಚುವುದು ಸುಮಾರು 42 ಮೈಕ್ರಾನ್ ಮಾತ್ರ. ಚೌಕದ ಅಗಲವನ್ನೂ ಅಳೆಯಿರಿ, 10 ಇದ್ದದ್ದು 10.4 ಆಗಿದ್ದರೆ ಚದುರಿದ ಬೆಳಕು ಅಂಚು ಹಿಗ್ಗಿಸಿದೆ. ಹಾಗಾಗಿ ಸಮಯ ಎಳೆಯುತ್ತ ಹೋಗುವ ಬದಲು ಪದರವನ್ನು 50ರಿಂದ 25 ಮೈಕ್ರಾನ್‌ಗೆ ಇಳಿಸಿ. ಗಟ್ಟಿಯಾಗುವ ಆಳ ಪದರದ ಒಂದೂವರೆಯಿಂದ ಎರಡು ಪಟ್ಟು ಇದ್ದರೆ ಪದರಗಳು ಒಂದನ್ನೊಂದು ಹಿಡಿಯುತ್ತವೆ.

ನೋಡಲು ಗಟ್ಟಿ ಇದೆ ಎಂದು ಪೋಸ್ಟ್-ಕ್ಯೂರ್ (ಮುದ್ರಿಸಿದ ಮೇಲೆ ಮತ್ತೆ ಬೆಳಕು ಕೊಟ್ಟು ಗಟ್ಟಿ ಮಾಡುವುದು) ಮೊಟಕು ಮಾಡಬೇಡಿ. ಟೈಟಾನಿಯಾ ಇದ್ದ ತುಣುಕಿನ ಒಳಗೆ ಬೆಳಕು ಸುಲಭಕ್ಕೆ ಇಳಿಯದು, ಎರಡೂ ಬದಿಗೆ ಕೊಡಿ. ಪರೀಕ್ಷೆಯ ಪಟ್ಟಿ 64×10×3.3 ಮಿ.ಮೀ., ಮುರಿಯುವ ಮುನ್ನ 37 ಡಿಗ್ರಿ ನೀರಿನಲ್ಲಿ 50 ತಾಸು. ಬಾಗುವ ಬಲ 65 ಮೆಗಾಪಾಸ್ಕಲ್ ದಾಟದಿದ್ದರೆ ಅದು ಹಲ್ಲುಸೆಟ್ಟಿನ ವಸ್ತುವಲ್ಲ. ಪುಡಿಯಿಲ್ಲದ ರೆಸಿನ್ನನ್ನೂ ಅಷ್ಟೇ ಹೊತ್ತು ಸೋನಿಕೇಟ್ ಮಾಡಿ ಹೋಲಿಸಿ. ಬಾಟಲಿಯಿಂದ ನೇರ ಸುರಿದದ್ದಕ್ಕೆ ಹೋಲಿಸಿದ ಅಂಕಿಗೆ ಬೆಲೆಯಿಲ್ಲ.

ಪ್ರಶ್ನೆ: ಬೆಳಗಾವಿ ಉದ್ಯಮಬಾಗದ ಫೌಂಡ್ರಿಯ ಸಿಲಿಕಾ ಹಿಟ್ಟು ಸೋಸಿ ಬಳಸಬಹುದೇ?
ಉತ್ತರ: ಖಂಡಿತ ಬೇಡ. ಅದು ಮೈಕ್ರಾನ್ ಗಾತ್ರದ ಸ್ಫಟಿಕ ಸಿಲಿಕಾ, ಉಸಿರಲ್ಲಿ ಹೋದರೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ.

ಪ್ರಶ್ನೆ: ಬೆಳ್ಳಿ ಭಸ್ಮ, ಇಲ್ಲವೇ ಆನ್‌ಲೈನ್‌ನಲ್ಲಿ ಸಿಗುವ ‘ನ್ಯಾನೊ ಸಿಲ್ವರ್ ಹನಿ’ ಹಾಕಿದರೆ ಸೋಂಕು ತಡೆಯುತ್ತದಂತೆ?
ಉತ್ತರ: ಕಣದ ಗಾತ್ರ ಬರೆಯದ ಡಬ್ಬಿ ಮಾರುವವರು ನಿಮ್ಮ ದುಡ್ಡಿಗೂ ರೋಗಿಯ ಬಾಯಿಗೂ ಕುತ್ತು ತರುತ್ತಾರೆ. ನಿಜವಾದ ನ್ಯಾನೊ ಬೆಳ್ಳಿಯೇ ಆದರೂ ಅದು ಬೆಳಕು ಹೀರುವುದು 400ರ ಆಸುಪಾಸಿನಲ್ಲಿ, ಅಂದರೆ ನಿಮ್ಮ ಪ್ರಿಂಟರ್‌ನ ಬೆಳಕನ್ನೇ. ನೀರಿನ ಹನಿ ರೆಸಿನ್ ಕೆಡಿಸುವುದು ಬೇರೆ.

ಪ್ರಶ್ನೆ: ಮೂಲ ರೆಸಿನ್‌ಗೆ ಪ್ರಮಾಣಪತ್ರವಿದೆ. ಪುಡಿ ಬೆರೆಸಿದ್ದನ್ನು ರೋಗಿಗೆ ಹಾಕಬಹುದೇ?
ಉತ್ತರ: ಇಲ್ಲ. ಬೆರೆಸಿದ ಕ್ಷಣವೇ ಅದು ಬೇರೆ ವಸ್ತು. ದೇಹಕ್ಕೆ ಹೊಂದುತ್ತದೆಯೇ ಎಂದು ನೋಡುವ ಐಎಸ್‌ಒ 10993 ಪರೀಕ್ಷೆ ನೀವು ತೊಳೆದು, ಕ್ಯೂರ್ ಮಾಡಿದ ತುಣುಕಿನ ಮೇಲೇ ಆಗಬೇಕು. 2017ರ ವೈದ್ಯಕೀಯ ಸಾಧನ ನಿಯಮಗಳೂ ಇವೆ. ಅಲ್ಲಿವರೆಗೆ ಅದು ಪ್ರಯೋಗಾಲಯದ ಮೇಜಿನ ಮೇಲಿರಲಿ.

ಪ್ರಶ್ನೆ: ಉಳಿದ ಮಿಶ್ರಣ ಮರಳಿ ಬಾಟಲಿಗೆ ಸುರಿಯಬಹುದೇ?
ಉತ್ತರ: ಬೇಡ. ಬೇರೆ ಕಪ್ಪು ಬಾಟಲಿಗೆ ಹಾಕಿ ದಿನಾಂಕ ಬರೆಯಿರಿ. ಎಸೆಯುವುದಾದರೆ ತೆಳುವಾಗಿ ಹರಡಿ ಬಿಸಿಲಲ್ಲಿ ಗಟ್ಟಿ ಮಾಡಿ ರಾಸಾಯನಿಕ ತ್ಯಾಜ್ಯಕ್ಕೆ ಕೊಡಿ. ಮುದ್ರಿಸಿದ ತುಣುಕು ತೊಳೆದ ಆಲ್ಕೋಹಾಲ್ ಬಚ್ಚಲಿಗೆ ಹೋಗಬಾರದು.