ಹಳ್ಳಿಯಲ್ಲಿ ಟೆಲಿಮೆಡಿಸಿನ್ ಸೆಂಟರ್ ನಡೆಯಬೇಕಾದರೆ ಯಾವ ಸಾಫ್ಟ್‌ವೇರ್, ಎಷ್ಟು ಇಂಟರ್ನೆಟ್ ಸ್ಪೀಡ್ ಬೇಕು?

ಸಾಫ್ಟ್‌ವೇರ್ ಯಾವುದಾದರೂ ನಡೆಯುತ್ತೆ. ಕೊನೆಗೆ ಕೇಳಬೇಕಾದ್ದನ್ನು ನೀವು ಮೊದಲು ಕೇಳಿದ್ದೀರಿ. ನಾನಿದ್ದ ಟ್ರಸ್ಟ್‌ನವರೂ ಹೀಗೇ ಕೇಳಿಕೊಂಡು ಶುರು ಮಾಡಿದ್ದರು.

ಒಂದು ಹೋಬಳಿ ಊರಿನ ಸೆಂಟರಿನಲ್ಲಿ ನಾನು ನರ್ಸ್ ಆಗಿದ್ದೆ. ಕ್ಯಾಮೆರಾ ಚೆನ್ನಾಗಿತ್ತು. ಬೆಂಗಳೂರಿನಿಂದ ವಿಡಿಯೋದಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾಕ್ಟರುಗಳು ತಾಳ್ಮೆಯವರು. ಆದರೂ ಸ್ವಲ್ಪ ದಿನದಲ್ಲೇ ಜನ ಬರೋದು ನಿಲ್ಲಿಸಿದರು.

ಕಾರಣ ಮಾತ್ರೆ. ಒಬ್ಬ ಅಜ್ಜಿಗೆ ಬಿಪಿ ಇತ್ತು. ಡಾಕ್ಟರು ಎರಡು ಔಷಧಿ ಸೇರಿದ ಒಂದೇ ಮಾತ್ರೆ ಬರೆದರು, ಕಂಪನಿ ಹೆಸರಿನಲ್ಲಿ. ಊರಿನ ಮೆಡಿಕಲ್ ಸ್ಟೋರಲ್ಲಿ ಅದಿಲ್ಲ. ಪಿಎಚ್‌ಸಿಯಲ್ಲಿ ಬಿಪಿಯದೇ ಮಾತ್ರೆ ಅಮ್ಲೋಡಿಪಿನ್ ಪುಕ್ಕಟೆ ಸಿಗುತ್ತಿತ್ತು, ಆದರೆ ಚೀಟಿಯಲ್ಲಿರೋದು ಅದಲ್ಲ. ಬದಲಾಯಿಸೋ ಅಧಿಕಾರ ನನಗಿಲ್ಲ. ಕೇಳೋಣ ಅಂದರೆ ಆ ಡಾಕ್ಟರ ಡ್ಯೂಟಿ ಮತ್ತೆ ಬರೋದು ಮುಂದಿನ ವಾರ. ಹೇಳಿದರೆ ಅವರು ಸರಿಮಾಡಿ ಕೊಡುತ್ತಿದ್ದರು, ಮಾರನೇ ದಿನ ಡ್ಯೂಟಿಗೆ ಕೂತ ಬೇರೆ ಡಾಕ್ಟರು ಇನ್ನೊಬ್ಬ ರೋಗಿಗೆ ಮತ್ತೆ ಅದನ್ನೇ ಬರೆಯುತ್ತಿದ್ದರು. ಮುಂದಿನ ತಿಂಗಳು ಅಜ್ಜಿ ಬಂದು ಎಲೆಅಡಿಕೆ ಚೀಲದಿಂದ ಅದೇ ಚೀಟಿ ತೆಗೆದರು. ಒಂದು ಮಾತ್ರೆಯೂ ನುಂಗಿರಲಿಲ್ಲ. "ಮಾತ್ರೆಗೆ ಮೈಸೂರಿಗೇ ಹೋಗ್ಬೇಕು ಅಂದ್ರೆ ಇಲ್ಲಿಗ್ಯಾಕೆ ಬರ್ಲಿ ಕಣವ್ವ?" ಅಂದರು. ಸರಿಯಾಗೇ ಕೇಳಿದರು, ಅಲ್ವಾ?

ನಮ್ಮಲ್ಲಿ ಏನೇನು ಔಷಧಿ ಸಿಗುತ್ತೆ ಅನ್ನೋ ಪಟ್ಟಿ ಚೀಟಿ ಬರೆಯೋ ಡಾಕ್ಟರ ಮುಂದೆ ಇರಲಿಲ್ಲ. ಅದನ್ನು ಮಾಡೋದು ಯಾರ ಕೆಲಸ ಅಂತಲೇ ನಮ್ಮಲ್ಲಿ ತೀರ್ಮಾನ ಆಗಿರಲಿಲ್ಲ. ಒಂದು ಹಾಳೆಯ ಕೆಲಸ. ಅದಿಲ್ಲದೆ ಲಕ್ಷಗಟ್ಟಲೆ ಸಾಮಾನು ದೂಳು ಹಿಡಿಯಿತು.

ನಮ್ಮಂಥ ದೇಶದಲ್ಲಿ ಗೆದ್ದಿರೋದನ್ನು ನೋಡಿ. ತಮಿಳುನಾಡಿನ ಅರವಿಂದ್ ಕಣ್ಣಾಸ್ಪತ್ರೆಯ ವಿಷನ್ ಸೆಂಟರುಗಳಲ್ಲಿ ತರಬೇತಿ ಪಡೆದ ಹುಡುಗಿಯರೇ ಕಣ್ಣು ಪರೀಕ್ಷೆ ಮಾಡುತ್ತಾರೆ, ಡಾಕ್ಟರು ದೂರದಿಂದ ನೋಡುತ್ತಾರೆ, ಕನ್ನಡಕ ಅಲ್ಲೇ ಸಿಗುತ್ತೆ. ನಮ್ಮ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವದಂಥ ದೊಡ್ಡಾಸ್ಪತ್ರೆಯವರು ಓದುತ್ತಾರೆ. ಆದರೆ ಜೀವ ಉಳಿಸೋದು ತಾಲ್ಲೂಕಲ್ಲೇ ಉಚಿತವಾಗಿ ಕೊಡೋ, ಹೃದಯದ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್. ಅದು ಫ್ರಿಜ್ಜಲ್ಲಿ ಇರದಿದ್ದರೆ ಇಸಿಜಿ ಎಷ್ಟು ಬೇಗ ಓದಿ ಏನು ಪ್ರಯೋಜನ? ಸರ್ಕಾರದ ಟೆಲಿಮೆಡಿಸಿನ್ ಸೇವೆ ಇ-ಸಂಜೀವಿನಿಯಲ್ಲೂ ಅಷ್ಟೇ, ರೋಗಿ ಪಕ್ಕ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಕೂತು ಬಿಪಿ, ಶುಗರ್ ನೋಡಿ ಮಾತ್ರೆ ಕೈಗಿಡೋ ಕಡೆ ಜನ ಮತ್ತೆ ಬರುತ್ತಾರೆ.

ಹಾಗಾಗಿ ಕ್ಯಾಮೆರಾ ಕೊಳ್ಳೋ ಮೊದಲು ನಿಮ್ಮ ಪಿಎಚ್‌ಸಿಯ ಫಾರ್ಮಸಿಸ್ಟ್ ಹತ್ತಿರ ಹೋಗಿ ಕೂತು ಪಟ್ಟಿ ಮಾಡಿ. ತಿಂಗಳಿಗೊಮ್ಮೆ ತಿದ್ದಿ. ಆ ಪಟ್ಟಿಯಿಂದಲೇ, ಔಷಧಿಯ ಮೂಲ ಹೆಸರಲ್ಲೇ ಬರೆಯುತ್ತೇನೆ ಅಂತ ಒಪ್ಪಿದ ಡಾಕ್ಟರನ್ನು ಮಾತ್ರ ಸೇರಿಸಿಕೊಳ್ಳಿ. ದಿನಕ್ಕೊಬ್ಬರು ಬೇಡ, ಇಬ್ಬರು ಖಾಯಂ ಇರಲಿ. ಎಲ್ಲ ಕಾಯಿಲೆಗೂ ಕೈ ಹಾಕಬೇಡಿ. ಬಿಪಿ, ಶುಗರ್, ಮೂರ್ಛೆರೋಗ ಇಷ್ಟರಿಂದ ಶುರು ಮಾಡಿ. ಇವಕ್ಕೆ ವರ್ಷಗಟ್ಟಲೆ ಅವೇ ಮಾತ್ರೆ ಬೇಕಾಗುತ್ತೆ.

ಸ್ಪೀಡ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹಳೇ ರೋಗಿಯ ಫಾಲೋಅಪ್‌ಗೆ ಬರೀ ಫೋನ್ ಕಾಲ್ ಸಾಕು, 2020ರ ಟೆಲಿಮೆಡಿಸಿನ್ ನಿಯಮಗಳಲ್ಲೇ ಅದಕ್ಕೆ ಅವಕಾಶ ಇದೆ.