ಒಬ್ಬ ವಿಜ್ಞಾನಿ ಒಂದೇ ಬ್ಯಾಕ್ಟೀರಿಯಾದ ಹಿಂದೆ 30 ವರ್ಷಕ್ಕೂ ಜಾಸ್ತಿ ಕಳೆಯೋದ್ಯಾಕೆ?

ಅಮೆರಿಕದ ಸಮುದ್ರ ಜೀವವಿಜ್ಞಾನಿ ಸ್ಯಾಲಿ ಚಿಸಮ್ ಬಗ್ಗೆ ಹೀಗೆ ಕೇಳಿದ್ದೀರಿ, ಅದೂ ಚಿಕ್ಕಮಗಳೂರಿಂದ. ಖುಷಿಯಾಯ್ತು. ನೇರ ಉತ್ತರ: ಆ ಬ್ಯಾಕ್ಟೀರಿಯಾ ಹೆಸರಿಗಷ್ಟೇ ಒಂದು, ಒಳಗೆ ಹತ್ತಾರು ತಳಿ. ಒಂದು ಪ್ರಶ್ನೆ ಬಗೆಹರಿಯುವಷ್ಟರಲ್ಲಿ ಇನ್ನೊಂದು ಏಳುತ್ತದೆ.

ಅದರ ಹೆಸರು ಪ್ರೊಕ್ಲೋರೊಕಾಕಸ್. ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಜೀವಿಗಳಲ್ಲೇ ಅತಿ ಚಿಕ್ಕದು. ಒಂದು ಮಿಲಿಲೀಟರ್ ಸಮುದ್ರದ ನೀರಲ್ಲಿ ಲಕ್ಷದಷ್ಟು ಇರಬಹುದು. ಆದರೂ 1980ರ ದಶಕದವರೆಗೆ ಯಾರೂ ಸರಿಯಾಗಿ ಗುರುತಿಸಿರಲಿಲ್ಲ.

ಚಿಸಮ್ ಮತ್ತು ಅವರ ಸಹೋದ್ಯೋಗಿ ರಾಬರ್ಟ್ ಓಲ್ಸನ್ ಫ್ಲೋ ಸೈಟೋಮೀಟರನ್ನು ಹಡಗಿಗೆ ಒಯ್ದರು. ಈ ಯಂತ್ರ ಜೀವಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸುತ್ತದೆ. ಕ್ಲೋರೊಫಿಲ್, ಅಂದರೆ ಎಲೆಯ ಹಸಿರು ಬಣ್ಣ, ಇದ್ದರೆ ಕೋಶ ಕೆಂಪಗೆ ಹೊಳೆಯುತ್ತದೆ. ಅವರಿಗೆ ಕಂಡಿದ್ದು ತೀರಾ ಮಂಕು ಹೊಳಪು. ಯಂತ್ರದ್ದೇ ಏನೋ ಗಲಾಟೆ ಅಂದುಕೊಂಡರು. ಆದರೆ ಆಳದ ನೀರಿನಲ್ಲಿ ಹೊಳಪು ಜಾಸ್ತಿಯಾಯಿತು. ಯಂತ್ರದ ಗಲಾಟೆಗೆ ನೀರಿನ ಆಳ ಹೇಗೆ ಗೊತ್ತಾಗಬೇಕು, ಅಲ್ವಾ? ಕಾಫಿ ತೋಟದಲ್ಲಿ ದಟ್ಟ ನೆರಳಿನ ಗಿಡದ ಎಲೆ ಕಡು ಹಸಿರಿರುತ್ತದಲ್ಲ, ಹಾಗೇ ಬೆಳಕು ಕಡಿಮೆಯಿದ್ದಲ್ಲಿ ಈ ಜೀವಿಯೂ ಹೆಚ್ಚು ಕ್ಲೋರೊಫಿಲ್ ಇಟ್ಟುಕೊಳ್ಳುತ್ತದೆ. 1988ರಲ್ಲಿ ಇದು ಪ್ರಕಟವಾಯಿತು.

ಕೆಲಸ ಮುಗಿಯಲಿಲ್ಲ, ಶುರುವಾಯಿತು. ಮೇಲ್ಪದರದ ತಳಿ ಬೇರೆ, ಆಳದ್ದು ಬೇರೆ. ಒಂದೊಂದು ತಳಿಯಲ್ಲೂ ಸುಮಾರು 2000 ವಂಶವಾಹಿಗಳು, ಆದರೆ ಎಲ್ಲದರಲ್ಲೂ ಅವೇ ಅಲ್ಲ! ಈ ವೈವಿಧ್ಯವೇ ಚಿಸಮ್ ಅವರನ್ನು ಹಿಡಿದು ಕೂರಿಸಿದ್ದು. 2019ರಲ್ಲಿ ಅವರಿಗೆ ಸ್ವೀಡನ್ನಿನ ದೊಡ್ಡ ವಿಜ್ಞಾನ ಪ್ರಶಸ್ತಿಯಾದ ಕ್ರಾಫೋರ್ಡ್ ಪ್ರಶಸ್ತಿ ಬಂತು.

ಘಟ್ಟದ ಮೇಲಿನವರಿಗೆ ಈ ಸಮುದ್ರ ವಿಜ್ಞಾನದ ದಾರಿ ಇದೆಯಾ ಅಂತಲೂ ಕೇಳಿದ್ದಿರಿ. ಧಾರಾಳವಾಗಿ ಇದೆ. ಮೈಕ್ರೋಬಯಾಲಜಿ ಓದಿ, ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಕಡೆ ನೋಡಿ.