ಕೈಯಲ್ಲೇ ಎಐ ಇರುವ ಪೀಳಿಗೆಗೆ ವಿಜ್ಞಾನ ಕಥೆ ಯಾಕೆ ಬೇಕು?

ನೀವು ಕೇಳಿರುವುದು ಎರಡು ಪ್ರಶ್ನೆ. ಕಣ್ಣು ಬಿಟ್ಟಾಗಿನಿಂದ ಸ್ಮಾರ್ಟ್‌ಫೋನ್ ನೋಡಿದವರಿಗೆ ವಿಜ್ಞಾನ ಕಥೆಯಲ್ಲಿ ಬೆರಗು ಎಲ್ಲಿಂದ ಬರಬೇಕು, ಸೈ-ಫೈ ಕಾಲ ಮುಗಿಯಿತೇ? ಹಾಗೇ, ನೀವು ಇಷ್ಟಪಟ್ಟ ಹಳೆಯ ಕಾದಂಬರಿಯನ್ನು ಮಗಳು ಹತ್ತು ಪುಟಕ್ಕೇ ಕೆಳಗಿಟ್ಟಳು, ಯಾಕೆ? ಕಾಲ ಮುಗಿದಿಲ್ಲ. ಆದರೆ ‘ಕಥೆಯಲ್ಲಿದ್ದದ್ದು ನಿಜವಾಯಿತು, ಆದ್ದರಿಂದ ಕಥೆ ಸಪ್ಪೆಯಾಯಿತು’ ಎನ್ನುವ ನಿಮ್ಮ ಊಹೆ ಅರ್ಧ ಮಾತ್ರ ಸರಿ.

ಸರಿಯಾದ ಅರ್ಧಕ್ಕೆ ಮಂಗಳ ಗ್ರಹವೇ ಸಾಕ್ಷಿ. 1877ರಲ್ಲಿ ಇಟಲಿಯ ಖಗೋಳಜ್ಞ ಸ್ಕಿಯಾಪರೆಲ್ಲಿ ಅಲ್ಲಿ ಕಂಡ ಗೆರೆಗಳನ್ನು ‘ಕನಾಲಿ’ ಎಂದು ಕರೆದರು. ಆ ಪದಕ್ಕೆ ತಾನಾಗಿ ಆದ ನೀರಿನ ಹಾದಿ ಎಂಬ ಅರ್ಥವೂ ಇದೆ, ಆದರೆ ಇಂಗ್ಲಿಷಿನಲ್ಲಿ ಅದು ತೋಡಿದ ಕಾಲುವೆ ಎಂದಾಯಿತು, ಕಾಲುವೆ ಇದ್ದ ಮೇಲೆ ತೋಡಿದವರೂ ಇರಬೇಕು ಎಂದಾಯಿತು. ಮುಂದೆ ಎಂಬತ್ತು ಚಿಲ್ಲರೆ ವರ್ಷ ಆ ಒಂದು ಪದ ಕಥೆಗಾರರಿಗೆ ಅನ್ನ ಹಾಕಿತು. 1965ರ ಜುಲೈನಲ್ಲಿ ಅಮೆರಿಕದ ಮ್ಯಾರಿನರ್ 4 ನೌಕೆ ಮಂಗಳದ ಪಕ್ಕದಲ್ಲಿ ಹಾದುಹೋಯಿತು. ಅದು ತೆಗೆದ ಚಿತ್ರಗಳು ಅಂಕಿಗಳಾಗಿ ಭೂಮಿಗೆ ಬಂದವು. ದತ್ತಾಂಶ ಬರುತ್ತಿದ್ದ ವೇಗ ಸೆಕೆಂಡಿಗೆ ಎಂಟು ಬಿಟ್‌ಗಿಂತ ತುಸು ಹೆಚ್ಚು, ಹಾಗಾಗಿ ಒಂದೊಂದು ಚಿತ್ರ ಪೂರ್ತಿ ಇಳಿಯಲು ಸುಮಾರು ಎಂಟು ಗಂಟೆ. ಅಷ್ಟು ಹೊತ್ತು ಕಾಯಲಾರದ ಎಂಜಿನಿಯರುಗಳು, ಅಂಕಿಗಳು ಅಚ್ಚಾಗಿ ಬರುತ್ತಿದ್ದ ಕಾಗದದ ಪಟ್ಟಿಗಳನ್ನು ಒಂದರ ಪಕ್ಕ ಒಂದು ಅಂಟಿಸಿ, ಅಂಕಿಗೊಂದು ಬಣ್ಣದಂತೆ ಕೈಯಲ್ಲೇ ಬಣ್ಣ ತುಂಬಿ ಮೊದಲ ಚಿತ್ರ ಮಾಡಿಕೊಂಡರು. ಕೊನೆಗೆ ಕಂಡದ್ದು ಚಂದ್ರನಲ್ಲಿರುವಂಥ ಕುಳಿಗಳು. ಕಾಲುವೆ ಇಲ್ಲ, ಗಾಳಿಯ ಒತ್ತಡ ಭೂಮಿಯದರ ನೂರರಲ್ಲೊಂದು ಪಾಲೂ ಇಲ್ಲ. ಅದಕ್ಕೂ ಮೊದಲೇ, 1962ರ ಡಿಸೆಂಬರಿನಲ್ಲಿ ಮ್ಯಾರಿನರ್ 2 ಶುಕ್ರ ಗ್ರಹ 400 ಡಿಗ್ರಿ ಸೆಲ್ಸಿಯಸ್ ದಾಟಿದ ಕುಲುಮೆ ಎಂದು ತೋರಿಸಿತ್ತು. ಶುಕ್ರದ ಜೌಗು ಕಾಡುಗಳಲ್ಲಿ ನಡೆಯುತ್ತಿದ್ದ ಕಥೆಗಳಿಗೆ ಅಲ್ಲಿಗೆ ತೆರೆ ಬಿತ್ತು.

ಇಂಥ ಕಡೆ ಪೀಳಿಗೆ ನಿಜವಾಗಿಯೂ ಲೆಕ್ಕಕ್ಕೆ ಬರುತ್ತದೆ. ವಿಜ್ಞಾನ ಕಥೆಯ ಸುವರ್ಣಯುಗ ಯಾವುದು ಎಂದರೆ ‘ಹನ್ನೆರಡು’ ಎಂದು ಉತ್ತರಿಸುವ ಹಳೆಯ ತಮಾಷೆ ಅಭಿಮಾನಿಗಳಲ್ಲಿದೆ. ಹನ್ನೆರಡನೆಯ ವಯಸ್ಸು ಎಂದರ್ಥ. 1965ಕ್ಕೆ ಮೊದಲು ಆ ವಯಸ್ಸಿನಲ್ಲಿದ್ದವರಿಗೆ ಕಾಲುವೆಯ ಮಂಗಳ ಇಂದಿಗೂ ಪುರಾಣದ ಊರಿನಂತೆ ಪ್ರಿಯ. ಆಮೇಲೆ ಓದಿದವರಿಗೆ ಅದು ಬರೀ ತಪ್ಪು. ಮನುಷ್ಯ ಚಂದ್ರನ ಮೇಲೆ ಇಳಿದ 1969ರಲ್ಲಿ ಹನ್ನೆರಡಾಗಿದ್ದವರಿಗೆ ಬೆರಗು ಎಂದರೆ ಬಾಹ್ಯಾಕಾಶ. ಈಗ ಹನ್ನೆರಡಾಗಿರುವವರಿಗೆ ಅದು ತನ್ನನ್ನು ಗಮನಿಸುವ, ತನ್ನ ಜೊತೆ ಮಾತಾಡುವ ಯಂತ್ರ, ಏರುತ್ತಿರುವ ಬಿಸಿಲು.

ಇನ್ನು ತಪ್ಪಾದ ಅರ್ಧ. ಓದುಗರು ಹೆಚ್ಚಾಗುವುದು, ಕಡಿಮೆಯಾಗುವುದು ಬಹಳ ಸಲ ವಿಜ್ಞಾನದಿಂದಲ್ಲ, ಕಥೆ ತಲುಪುವ ದಾರಿಯಿಂದ. 1957 ನೋಡಿ. ಅಕ್ಟೋಬರ್ 4ರಂದು ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಹಾರಿತು, ಸೈ-ಫೈ ಪತ್ರಿಕೆಗಳು ಬಿಸಿ ಬಿಸಿಯಾಗಿ ಮಾರಾಟವಾಗಬೇಕಿತ್ತು. ಅಮೆರಿಕದಲ್ಲಿ ಆದದ್ದು ಉಲ್ಟಾ. ಅದೇ ವರ್ಷ ಅಮೆರಿಕನ್ ನ್ಯೂಸ್ ಕಂಪನಿ ಎಂಬ ದೊಡ್ಡ ವಿತರಣಾ ಸಂಸ್ಥೆ ಪತ್ರಿಕೆ ಹಂಚುವುದನ್ನೇ ನಿಲ್ಲಿಸಿತು. ಅಂಗಡಿಯ ಮುಂದೆ ನೇತಾಡದ ಪತ್ರಿಕೆಯನ್ನು ಯಾರು ಕೊಳ್ಳುತ್ತಾರೆ? ಒಂದರ ಹಿಂದೊಂದು ಮುಚ್ಚಿದವು. ಅಂಕಿ ಮಾತ್ರ ನೋಡಿದವರು ‘ನಿಜವಾದ ರಾಕೆಟ್ ಬಂದ ಮೇಲೆ ಕಥೆಯ ರಾಕೆಟ್ ಯಾರಿಗೆ ಬೇಕು’ ಎಂದುಕೊಂಡಾರು.

ಟಿವಿಯಲ್ಲೂ ಇದೇ. ಗಗನನೌಕೆಯ ಕಥೆ ಹೇಳುವ ಅಮೆರಿಕದ ಧಾರಾವಾಹಿ ಸ್ಟಾರ್ ಟ್ರೆಕ್ 1966ರಿಂದ 1969ರವರೆಗೆ 79 ಕಂತು ಓಡಿ, ನೋಡುಗರು ಸಾಲದೆ ನಿಂತಿತು. ಅದು ಮನೆಮಾತಾದದ್ದು ಆಮೇಲೆ, ಸ್ಥಳೀಯ ವಾಹಿನಿಗಳು ಅವೇ ಕಂತುಗಳನ್ನು ಮರುಪ್ರಸಾರ ಮಾಡಿದಾಗ. ಕಥೆ ಅದೇ, ತಲುಪಿದ ಹೊತ್ತು ಬೇರೆ. ಇಂಟರ್ನೆಟ್ ಬಂದ ಮೇಲೆ ಅಮೆರಿಕದ ಲೇಖಕ ಆಂಡಿ ವೀರ್, ಮಂಗಳದಲ್ಲಿ ಒಂಟಿಯಾಗಿ ಸಿಕ್ಕಿಬಿದ್ದ ಗಗನಯಾತ್ರಿಯ ಕಥೆಯಾದ ತಮ್ಮ ‘ದ ಮಾರ್ಷಿಯನ್’ ಅನ್ನು ಸ್ವಂತ ವೆಬ್‌ಸೈಟಿನಲ್ಲಿ ಅಧ್ಯಾಯ ಅಧ್ಯಾಯವಾಗಿ ಹಾಕಿದರು, ಲೆಕ್ಕ ತಪ್ಪಿದ ಕಡೆ ಓದುಗರೇ ತಿದ್ದಿದರು, 2011ರಲ್ಲಿ ಅದು ಕಿಂಡಲ್‌ನಲ್ಲಿ 99 ಸೆಂಟಿಗೆ ಬಂತು. ಗಮನಿಸಿ, 1965ರಲ್ಲಿ ಸತ್ತಿತೆಂದ ಅದೇ ಮಂಗಳ! ಕಾಲುವೆ ಹೋಯಿತು, ಬದಲಿಗೆ ಆಲೂಗಡ್ಡೆ ಬೆಳೆಯಲು ನೀರೆಷ್ಟು ಬೇಕು ಎಂಬ ಲೆಕ್ಕ ಬಂತು. ಲಿಯು ಸಿಶಿನ್ ಅವರ ‘ದ ತ್ರೀ-ಬಾಡಿ ಪ್ರಾಬ್ಲೆಮ್’ 2006ರಲ್ಲಿ ಚೀನಾದ ಪತ್ರಿಕೆಯೊಂದರಲ್ಲಿ ಧಾರಾವಾಹಿ; 2014ರಲ್ಲಿ ಇಂಗ್ಲಿಷಿಗೆ ಬಂದು ಮರುವರ್ಷ ಸೈ-ಫೈಗೆ ಕೊಡುವ ದೊಡ್ಡ ಪ್ರಶಸ್ತಿಯಾದ ಹ್ಯೂಗೋ ಪಡೆಯಿತು. ಎಂಟು ವರ್ಷ ಅದನ್ನು ಜಗತ್ತಿನಿಂದ ದೂರ ಇಟ್ಟದ್ದು ಅನುವಾದ ಇಲ್ಲದ್ದು, ಅಷ್ಟೇ. ದಾರಿ ಸಲೀಸಾದರೆ ಕಸವೂ ಬರುತ್ತದೆ ಅನ್ನಿ: 2023ರ ಫೆಬ್ರವರಿಯಲ್ಲಿ ಸೈ-ಫೈ ಕಥೆಗಳ ಕ್ಲಾರ್ಕ್ಸ್‌ವರ್ಲ್ಡ್ ಪತ್ರಿಕೆ ಎಐ ಬರೆದ ಕಥೆಗಳ ಪ್ರವಾಹ ತಾಳಲಾರದೆ ಕೆಲ ಕಾಲ ಕಥೆ ಸ್ವೀಕರಿಸುವುದನ್ನೇ ನಿಲ್ಲಿಸಿತು.

ಈಗ ನಿಮ್ಮ ಮಗಳ ಹತ್ತು ಪುಟ. ಅಲ್ಲಿ ಬೇಸರ ತರಿಸಿದ್ದು ಹಳೆಯ ಯಂತ್ರವಲ್ಲ, ವಿವರಣೆ ಎನ್ನುವುದು ನನ್ನ ಅನುಮಾನ. 1926ರಲ್ಲಿ ಅಮೆರಿಕದ ಪ್ರಕಾಶಕ ಹ್ಯೂಗೋ ಗರ್ನ್ಸ್‌ಬ್ಯಾಕ್ ಸೈ-ಫೈಗೆಂದೇ ಮೀಸಲಾದ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆ ಶುರು ಮಾಡಿದಾಗ ಕೊಟ್ಟ ಸೂತ್ರ ಮುಕ್ಕಾಲು ಪಾಲು ಸಾಹಿತ್ಯ, ಕಾಲು ಪಾಲು ವಿಜ್ಞಾನ. ಅಂದಿನ ಓದುಗನಿಗೆ ಆ ಕಾಲು ಪಾಲೇ ಲಾಭ, ಅದು ಅವನಿಗೆ ಬೇರೆಲ್ಲಿ ಸಿಗಬೇಕು? ಹಾಗಾಗಿ ‘ಪ್ರೊಫೆಸರ್, ನಿಮಗೆ ಗೊತ್ತೇ ಇದೆಯಲ್ಲ...’ ಎಂದು ಶುರುವಾಗಿ ಎರಡು ಪುಟ ಪಾಠ ನಡೆಯುತ್ತಿತ್ತು. ಇಂದು ಅದನ್ನೇ ಫೋನ್ ಅರ್ಧ ನಿಮಿಷದಲ್ಲಿ ಹೇಳುತ್ತದೆ, ನೌಕೆ ಹೇಗಿರುತ್ತದೆ ಎಂಬುದನ್ನು ಸಿನಿಮಾ ತೋರಿಸಿಯಾಗಿದೆ.

ಯಂತ್ರ ಹಳತಾದರೂ ಕಥೆ ಬದುಕುವುದಕ್ಕೆ ವಿಲಿಯಂ ಗಿಬ್ಸನ್‌ರ 1984ರ ‘ನ್ಯೂರೋಮ್ಯಾನ್ಸರ್’ ಕಾದಂಬರಿ ನೋಡಿ. ಟೈಪ್‌ರೈಟರಿನಲ್ಲಿ ಬರೆದದ್ದು, ಅದರ ಭವಿಷ್ಯದಲ್ಲಿ ಮೊಬೈಲ್ ಫೋನ್ ಇಲ್ಲ. ನಾಯಕ ಸಾಲಾಗಿ ನಿಂತ ಸಾರ್ವಜನಿಕ ಫೋನುಗಳ ಪಕ್ಕ ನಡೆಯುತ್ತಿದ್ದಂತೆ ಅವು ಒಂದೊಂದಾಗಿ ರಿಂಗಾಗುತ್ತವೆ, ಕರೆಯುತ್ತಿರುವುದು ಒಂದು ಕೃತಕ ಬುದ್ಧಿಮತ್ತೆ. ಆ ಫೋನುಗಳನ್ನೇ ಕಂಡಿರದ ಹುಡುಗಿಗೂ ಮೈ ಜುಮ್ಮೆನ್ನುತ್ತದೆ, ಯಾಕೆಂದರೆ ತಾನೆಲ್ಲಿದ್ದೇನೆ ಎಂದು ಯಂತ್ರಕ್ಕೆ ಗೊತ್ತಿರುವುದು ಅವಳ ದಿನನಿತ್ಯದ ಮಾತು.

ಆದ್ದರಿಂದ ಪುಸ್ತಕ ಕೊಡುವ ಮುನ್ನ ಮೊದಲ 20 ಪುಟ ನೀವೇ ಮತ್ತೆ ಓದಿ. ಒಬ್ಬ ಇನ್ನೊಬ್ಬನಿಗೆ ಪಾಠ ಮಾಡುವ ಪುಟಗಳು ಮೂರು ದಾಟಿದರೆ ಬದಿಗಿಡಿ, ನಿಮಗೆ ಎಷ್ಟೇ ಪ್ರಿಯವಾಗಿದ್ದರೂ. ಆಮೇಲೆ ಕಥೆಯ ಯಂತ್ರವನ್ನು ಮನಸ್ಸಿನಲ್ಲೇ ತೆಗೆದು ನೋಡಿ: ಪಾತ್ರದ ಪೇಚು ಉಳಿದರೆ ಕೊಡಬಹುದು, ಯಂತ್ರದ ಜೊತೆ ಅದೂ ಕರಗಿದರೆ ಬೇಡ. ಮೊದಲೇ ಕಾದಂಬರಿ ಕೊಡಬೇಡಿ, 15–20 ಪುಟದ ಸಣ್ಣ ಕಥೆ ಸಾಕು. ಪ್ರಕಟವಾದ ವರ್ಷವನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಗಗನನೌಕೆಯಲ್ಲಿ ಸ್ಲೈಡ್ ರೂಲ್ ಎಂಬ ಹಳೆಯ ಲೆಕ್ಕದ ಪಟ್ಟಿ ಹಿಡಿದು ಲೆಕ್ಕ ಹಾಕುವವನನ್ನು ಕಂಡು ಲೇಖಕನಿಗೆ ಏನೂ ಗೊತ್ತಿಲ್ಲ ಎಂದುಕೊಳ್ಳುತ್ತಾಳೆ. ‘ಇವನು ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತಲ್ಲ’ ಅಂದರೆ ಸಮರ್ಥಿಸಿಕೊಳ್ಳಲು ಹೋಗಬೇಡಿ. ಸರಿ, ಅವನ ಕೈಗೆ ಫೋನ್ ಕೊಟ್ಟೆ, ಮುಂದೇನಾಗುತ್ತದೆ ಹೇಳು ಎಂದು ಕೇಳಿ.